ಒಲ್ಲೆ ಅಂದ್ರ ಕೆಲಸ ಬಿಡು ಅಂತಾರ್ರಿ

ಪ್ರಶ್ನೆ: ದುರ್ಗದಬೈಲ್ ಹತ್ರ ಒಂದು ಬಟ್ಟಿ ಅಂಗಡ್ಯಾಗ ಕೆಲಸ ಮಾಡ್ತೀನ್ರಿ, ಮುಂಜಾನೆ 9ಕ್ಕ ಹೋದ್ರ ರಾತ್ರಿ 10 ಆಗ್ತದ, ದೀಪಾವಳಿ ಬಂತಂದ್ರ ವಾರದ ಸೂಟಿನೂ ಇಲ್ಲ. ನಮ್ಮ ಕಾಕಾ, ಒಲ್ಲೆ ಅಂದ್ರ ಬಿಡು, ನಡುವ ಸರ್ಕಾರ ಯಾಕ ಬರಬೇಕು ಅಂತಾರ. ಖರೇ ಏನ್ರಿ?
- ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಕಾಕಾರ ಮಾತು ನಾ ಒಪ್ಪಂಗಿಲ್ರಿ. ಮನಿ ಬಾಡಿಗಿ, ಮಕ್ಕಳ ಫೀಸು ತಲಿ ಮ್ಯಾಲ ಇದ್ದಾಂವ ಮಾಲಕರ ಮುಂದ ನಿಂತು ಒಲ್ಲೆ ಅನ್ನೋದು ಅಷ್ಟು ಸರಳ ಇರ್ತದೇನು, ಅದಕ್ಕಽ ಸರ್ಕಾರ ನಡುವ ಬರಬೇಕಾಗ್ತದ. ನಮ್ಮ ರಾಜ್ಯದಾಗ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐತಿ: ದಿನಕ್ಕ 9 ತಾಸು, ವಾರಕ್ಕ 48, ಅದರ ಮ್ಯಾಲ ದುಡಿಸಿಕೊಂಡ್ರ ಓವರ್‌ಟೈಮ್‌ಗೆ ಡಬಲ್ ಪಗಾರ, ವಾರಕ್ಕೊಂದು ಸೂಟಿ. ಸಣ್ಣ ಅಂಗಡಿಯವ್ರಿಗೂ ತ್ರಾಸ ಐತಿ, ಗಿರಾಕಿ ಬರೋದಽ ಸಂಜಿಮುಂದ, ಆದ್ರ ಅದಕ್ಕ ಪಾಳಿ ಹಚ್ಚಬೇಕು, ಒಬ್ಬನ್ನಽ ಹದಿಮೂರು ತಾಸು ನಿಂದ್ರಸೋದಲ್ಲ. ನೀವು ಇವತ್ತಿಂದಽ ಹೋದ ಟೈಮು ಬಂದ ಟೈಮು ಒಂದು ನೋಟ್‌ಬುಕ್ಕಿನ್ಯಾಗ ಬರದಿಡ್ರಿ, ಪಗಾರದ ಚೀಟಿ ಇದ್ರ ಜೋಪಾನ ಮಾಡ್ರಿ, ಕಾರ್ಮಿಕ ಇಲಾಖೆ ಇನ್ಸ್‌ಪೆಕ್ಟರ್ ಹಂತ್ಯಾಕ ಹೋಗ್ರಿ. ಒಬ್ರಽ ಹೋಗಬ್ಯಾಡ್ರಿ, ಜೋಡಿ ಕೆಲಸ ಮಾಡೋರನ್ನೂ ಕರ್ಕೊಂಡ ಹೋಗ್ರಿ.