ಲೋರೆಲೈ ಜಾನಪದವೋ, ಜಿಲ್ಖರ್ ಕೃತಿಯೋ?

ಒಂದು ಪುಸ್ತಕದಲ್ಲಿ ಲೋರೆಲೈ ಎಂಬ ಜರ್ಮನ್ ಹಾಡಿನ ಕೆಳಗೆ ‘ಜಾನಪದ’ ಅಂತಿದೆ, ಇನ್ನೊಂದರಲ್ಲಿ ‘ಫ್ರೀಡ್ರಿಖ್ ಜಿಲ್ಖರ್’ ಅಂತಿದೆ, ಯಾವುದು ಸರಿ, ಈತ ಯಾರು, ನಮ್ಮ ಕ್ವಾಯರ್ ಹಾಡಬಹುದೇ ಅಂತ ಕೇಳಿದ್ದೀರಿ.

ಲೋರೆಲೈ ಜಾನಪದವಲ್ಲ. ಸಾಹಿತ್ಯ ಜರ್ಮನ್ ಕವಿ ಹೈನ್ರಿಖ್ ಹೈನನದು, ಮಟ್ಟು ಜರ್ಮನ್ ಸಂಯೋಜಕ ಜಿಲ್ಖರ್ 1837ರಲ್ಲಿ ಹಾಕಿದ್ದು. ಆದರೆ ಆತನ ಎಲ್ಲ ಹಾಡುಗಳ ವಿಷಯದಲ್ಲೂ ಹೀಗೆ ಖಡಾಖಂಡಿತ ಹೇಳಲು ಬರುವುದಿಲ್ಲ. ‘ಮುಸ್ ಇ ಡೆನ್’ (1960ರಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದ್ದು ಇದರದೇ ಮಟ್ಟು) ನೈಋತ್ಯ ಜರ್ಮನಿಯ ಶ್ವಾಬಿಯಾ ಸೀಮೆಯ ಹಳೆಯ ಹಾಡು. ಜಿಲ್ಖರ್ 1827ರಲ್ಲಿ ನಾಲ್ಕು ದನಿಗೆ ಹೊಂದಿಸಿ ಅಚ್ಚು ಹಾಕಿಸಿದ. ‘ಎನ್ಖೆನ್ ಫೋನ್ ಥಾರಾವ್’ ಇನ್ನೊಂದು ಬಗೆ: ಪದ ಹದಿನೇಳನೇ ಶತಮಾನದ್ದು, ಈಗ ಎಲ್ಲರೂ ಹಾಡುವ ಮಟ್ಟು ಈತನದು.

ಜಿಲ್ಖರ್ ಹುಟ್ಟಿದ್ದು 1789ರ ಜೂನ್ 27ರಂದು, ಜರ್ಮನಿಯ ವುರ್ಟೆಂಬರ್ಗ್‌ನ ಶ್ನೈಟ್ ಹಳ್ಳಿಯಲ್ಲಿ. ಅಪ್ಪ ಶಾಲೆಯ ಮೇಷ್ಟ್ರು, ಮಗನೂ ಮೊದಲು ಮೇಷ್ಟ್ರೇ. ಸಂಗೀತವನ್ನೇ ಹಿಡಿಯಲು ಸಂಯೋಜಕ ಕಾರ್ಲ್ ಮರಿಯಾ ಫೋನ್ ವೇಬರ್‌ನ ಪರಿಚಯ ಕುಮ್ಮಕ್ಕಾಯಿತು. 1817ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಸಂಗೀತ ನಿರ್ದೇಶಕನಾಗಿ ಹೋದವನು 1860ರಲ್ಲಿ ತೀರಿಕೊಂಡದ್ದೂ ಅಲ್ಲೇ. (‘ಮಂಗಳೂರ ಸಮಾಚಾರ’ದ ಹರ್ಮನ್ ಮೊಗ್ಲಿಂಗ್ ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದ್ದು ಇದೇ ಕಾಲದಲ್ಲಿ.) 1829ರಲ್ಲಿ ವಿದ್ಯಾರ್ಥಿಗಳ ಗಾಯನ ಸಂಘ ‘ಅಕಾಡೆಮಿಶೆ ಲೀಡರ್‌ಟಾಫೆಲ್’ ಕಟ್ಟಿದ. ಸಂಗೀತ ಎಲ್ಲರಿಗೂ ಸೇರಿದ್ದು ಎಂಬ ಸ್ವಿಸ್ ಶಿಕ್ಷಣತಜ್ಞ ಪೆಸ್ಟಲೋಝಿ, ಸ್ವಿಸ್ ಸಂಗೀತಗಾರ ನೇಗೆಲಿಯವರ ವಿಚಾರ ಆತನಿಗೆ ಹಿಡಿಸಿತ್ತು. ಗಂಡುದನಿಗಳಿಗೆ ಹೊಂದಿಸಿದ ಜನಪದ ಹಾಡುಗಳೇ 12 ಸಂಪುಟ, 144 ಹಾಡು.

ಮಹಾನ್ ಸಂಯೋಜಕ ಅಂತ ನಾನು ಹೇಳಲಾರೆ. ಓದು ಬಿಟ್ಟು ಸಂಜೆ ಹಾಡಲು ಬರುವ ಹುಡುಗರ ಗಂಟಲು ಎಲ್ಲಿಯವರೆಗೆ ಏರುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದು ಮಾತ್ರ ಆತನಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಹಾಡುವ ವಿಚಾರ. ಈತನ ಹೊಂದಿಕೆ ಹೆಚ್ಚಾಗಿ ಎರಡು ಟೆನರ್ (ಗಂಡಸರ ಮೇಲಿನ ದನಿ), ಎರಡು ಬಾಸ್ (ಕೆಳಗಿನ ದನಿ) ದನಿಗೆ. ಮಟ್ಟು ಮೊದಲ ಟೆನರ್‌ನಲ್ಲಿ. ನಿಮ್ಮಲ್ಲಿ ಹೆಂಗಸರೂ ಇದ್ದರೆ ಟೆನರ್ ಸಾಲುಗಳನ್ನು ಅವರಿಗೆ ಕೊಟ್ಟು ಒಂದು ಸ್ಥಾಯಿ ಮೇಲೆ ಹಾಡಿಸಬೇಡಿ. ಒತ್ತೊತ್ತಾಗಿ ಕೂತಿದ್ದ ನಾಲ್ಕು ದನಿಗಳ ನಡುವೆ ದೊಡ್ಡ ಖಾಲಿ ಬಿದ್ದು ಕೆಳಗಿನ ಎರಡು ದನಿ ಬೇರೆಯೇ ಹಾಡಿನಂತೆ ಕೇಳುತ್ತವೆ. ಮಿಶ್ರ ದನಿಗೆ ಮಾಡಿದ ಪ್ರತಿಯನ್ನೇ ಹುಡುಕಿ. ಜಿಲ್ಖರ್ ಬರೆದದ್ದಕ್ಕೆ ಈಗ ಹಕ್ಕುಸ್ವಾಮ್ಯ ಇಲ್ಲ, ಆದರೆ ಇತ್ತೀಚಿನವರ ಹೊಂದಿಕೆಗೆ ಇರಬಹುದು. ಜೆರಾಕ್ಸ್ ಮಾಡುವ ಮುಂಚೆ ನೋಡಿಕೊಳ್ಳಿ.

ಲೋರೆಲೈಯಲ್ಲಿ ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಅದು 6/8 ತಾಳದಲ್ಲಿದೆ, ಅಂದರೆ ಒಂದು ಸುತ್ತಿಗೆ ಆರು ಎಣಿಕೆ; ನಿರ್ದೇಶಕರು ಆರೂ ಎಣಿಕೆಗೆ ಕೈ ಆಡಿಸಿದರೆ ಹಾಡು ಎಳೆಯುತ್ತದೆ. ಮೂರು ಮೂರರ ಎರಡು ಪೆಟ್ಟಾಗಿ ಹಿಡಿಯಿರಿ. ಎರಡನೆಯದು ಶ್ರುತಿ. ಕವಿತೆಯ ಆರು ಪದ್ಯಗಳನ್ನು ಎರಡೆರಡಾಗಿ ಸೇರಿಸಿ ಒಂದೇ ಮಟ್ಟನ್ನು ಮೂರು ಸಲ ಹಾಡುತ್ತಾರೆ, ವಾದ್ಯವಿಲ್ಲದೆ. ನಡುವಿನ ದನಿಗಳಲ್ಲಿ ಒಂದೇ ಸ್ವರ ಮತ್ತೆ ಮತ್ತೆ ಬಂದಾಗ ಪ್ರತಿ ಸಲವೂ ಕೂದಲೆಳೆಯಷ್ಟು ಇಳಿಯುತ್ತದೆ. ಮೂರನೇ ಸುತ್ತಿಗೆ ಇಡೀ ಗುಂಪು ಅರ್ಧ ಸ್ವರ ಕೆಳಗೆ. ಮೇಲಿನ ದನಿಯವರನ್ನು ಬೈದು ಪ್ರಯೋಜನವಿಲ್ಲ. ಎರಡನೇ ಟೆನರ್, ಮೊದಲ ಬಾಸ್ ಇಬ್ಬರನ್ನೇ ನಿಲ್ಲಿಸಿ, ಪದ ಬಿಟ್ಟು ‘ನೂ’ ಎಂದು ಮೆಲ್ಲಗೆ ಹಾಡಿಸಿ, ಪ್ರತಿ ಸಾಲಿನ ಕೊನೆಗೆ ಪಿಯಾನೋದಲ್ಲಿ ಶ್ರುತಿ ತಾಳೆ ನೋಡಿ. ಆಮೇಲೆ ಉಳಿದವರನ್ನು ಸೇರಿಸಿ.