ಓದುಗರ ಪ್ರಶ್ನೆಗಳು: ಬೇರಿನ ಗಂಟು, ರೈಜೋಬಿಯಂ ಪೊಟ್ಟಣ ಮತ್ತು ಯೂರಿಯಾ ಲೆಕ್ಕ

ಮುಂಗಾರು ಬಿತ್ತನೆ ಹತ್ತಿರ ಬಂದಿದೆ. ಹಾಗಾಗಿ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜೀವಾಣು ಗೊಬ್ಬರದ ಬಗ್ಗೆಯೇ ಇವೆ. ಅದರಲ್ಲೂ ರೈಜೋಬಿಯಂ ಬಗ್ಗೆ, ಅಂದರೆ ದ್ವಿದಳ ಬೆಳೆಯ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದು ಕೊಡುವ ಬ್ಯಾಕ್ಟೀರಿಯಾ ಬಗ್ಗೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಐದಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಕಡಲೆಕಾಯಿ ಬೀಜಕ್ಕೆ ರೈಜೋಬಿಯಂ ಹಚ್ಚಿ ಬಿತ್ತಿದೆ. ಪಕ್ಕದ ಹೊಲದವರು ಏನೂ ಹಚ್ಚಲಿಲ್ಲ. ಎರಡೂ ಬೆಳೆ ಒಂದೇ ಥರ ಬಂತು. ಪೊಟ್ಟಣದಲ್ಲಿ ಇರುವುದು ಬರೀ ಇದ್ದಿಲ ಪುಡಿ ಅಂತಾರೆ, ನಿಜವಾ? (ಪಾವಗಡ)

ಕಪ್ಪಗೆ ಕಾಣುವ ಪುಡಿ ಇದ್ದಿಲೋ ಲಿಗ್ನೈಟೋ ಹೌದು. ಆದರೆ ಅದು ಬ್ಯಾಕ್ಟೀರಿಯಾ ಉಳಿದುಕೊಳ್ಳುವ ಜಾಗ ಅಷ್ಟೆ, ಕೆಲಸ ಮಾಡುವುದು ಆ ಬ್ಯಾಕ್ಟೀರಿಯಾ. ನಿಯಮದ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳು ಇರಬೇಕು. ಜೀವಂತ ಅನ್ನುವುದೇ ಇಲ್ಲಿ ಮುಖ್ಯ. ಪುಡಿ ರೂಪದ ಪೊಟ್ಟಣಕ್ಕೆ ಸುಮಾರು ಆರು ತಿಂಗಳ ಆಯಸ್ಸು, ಅದೂ ತಂಪಾದ ಜಾಗದಲ್ಲಿ ಇಟ್ಟರೆ ಮಾತ್ರ. ತಗಡಿನ ಗೋದಾಮಿನಲ್ಲಿ ಬೇಸಿಗೆ ಕಳೆದ ಪೊಟ್ಟಣ ತಂದರೆ ನೀವು ಹಚ್ಚಿದ್ದು ನಿಜಕ್ಕೂ ಇದ್ದಿಲೇ ಆಗಿರಬಹುದು. ತಗೊಳ್ಳುವಾಗ ಬೆಲೆಗಿಂತ ಮೊದಲು ತಯಾರಾದ ತಾರೀಖು ನೋಡಿ.

ಆದರೆ ನಿಮ್ಮ ವಿಷಯದಲ್ಲಿ ಇನ್ನೊಂದು ಕಾರಣ ಇದ್ದರೂ ಇರಬಹುದು. ಕಡಲೆಕಾಯಿ, ತೊಗರಿ, ಅಲಸಂದೆ, ಹೆಸರು, ಉದ್ದು, ಇವೆಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಗುಂಪಿನ ಬ್ಯಾಕ್ಟೀರಿಯಾ ಸಾಕು. ನಿಮ್ಮ ಕಡೆ ಕಡಲೆಕಾಯಿ ತಲೆಮಾರುಗಳಿಂದ ಬೆಳೆಯುತ್ತಿದ್ದಾರೆ, ಅಂದರೆ ಆ ಗುಂಪು ಆಗಲೇ ಮಣ್ಣಿನಲ್ಲಿ ಬೀಡುಬಿಟ್ಟಿದೆ. ಹೊಸದಾಗಿ ಹಾಕಿದ್ದು ಎಷ್ಟೇ ಒಳ್ಳೆಯದಿದ್ದರೂ ಹಳೆಯವುಗಳ ಜೊತೆ ಪೈಪೋಟಿ ಮಾಡಿ ಬೇರು ಸೇರಬೇಕು. ಪಕ್ಕದವರ ಬೆಳೆಯೂ ಚೆನ್ನಾಗಿ ಬಂತು ಅಂದರೆ ಅವರ ಗಿಡಕ್ಕೂ ಬ್ಯಾಕ್ಟೀರಿಯಾ ಸಿಕ್ಕಿದೆ ಅಂತಲೇ ಅರ್ಥ ಮಾಡಿಕೊಳ್ಳಬೇಕು, ಅಲ್ವಾ?

ಇದನ್ನು ನೀವೇ ನೋಡಿ ತಿಳಿದುಕೊಳ್ಳಬಹುದು. ಬಿತ್ತಿ 30-40 ದಿನ ಆದಮೇಲೆ, ಹೂವಿನ ಹೊತ್ತಿಗೆ, ಹೊಲದ ನಾಲ್ಕೈದು ಕಡೆ ಒಂದೊಂದು ಗಿಡ ತೆಗೆಯಿರಿ. ಸುಮ್ನೆ ಹಿಡಿದು ಎಳೆದರೆ ಗಂಟೆಲ್ಲ ಮಣ್ಣಿನಲ್ಲೇ ಉದುರಿ ಹೋಗುತ್ತದೆ, ಗುದ್ದಲಿಯಿಂದ ಹೆಂಟೆ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಬಿಡಿ. ಮಣ್ಣು ತಾನಾಗಿ ಕರಗುತ್ತದೆ. ಆಮೇಲೆ ತಾಯಿಬೇರಿನ ಹತ್ತಿರ, ಪಕ್ಕದ ಬೇರು ಒಡೆಯುವ ಜಾಗದಲ್ಲಿ ನೋಡಿ, ರಾಗಿ ಸಾಸಿವೆ ಗಾತ್ರದ ಉರುಟು ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಅದು ಸಾರಜನಕ ಹಿಡಿಯುತ್ತಿದೆ. ಆ ಬಣ್ಣ ಲೆಗ್‌ಹೀಮೋಗ್ಲೋಬಿನ್‌ನದು, ನಮ್ಮ ರಕ್ತದ ಹೀಮೋಗ್ಲೋಬಿನ್‌ನ ದೂರದ ನೆಂಟ. ಗಾಳಿಯ ಸಾರಜನಕವನ್ನು ಒಡೆಯುವ ನೈಟ್ರೋಜಿನೇಸ್ ಎಂಬ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಕೆಟ್ಟು ಹೋಗುತ್ತದೆ, ಆದರೆ ಬ್ಯಾಕ್ಟೀರಿಯಾ ಉಸಿರಾಡಲು ಅದೇ ಆಮ್ಲಜನಕ ಬೇಕು. ಈ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ಕಾರ್ಖಾನೆಯಲ್ಲಿ 400 ಡಿಗ್ರಿಗಿಂತ ಜಾಸ್ತಿ ಶಾಖ ಮತ್ತು ಭಾರೀ ಒತ್ತಡ ಕೊಟ್ಟು ಮಾಡುವ ಕೆಲಸವನ್ನು ಇಷ್ಟು ಚಿಕ್ಕ ಗಂಟು ಹೊಲದ ಮಣ್ಣಿನಲ್ಲಿ, ಸದ್ದಿಲ್ಲದೆ ಮಾಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಬೆರಗೇ.

ಗಂಟಿನ ಒಳಗೆ ಬಿಳಿ ಇದ್ದರೆ ಇನ್ನೂ ಎಳೆಯದು, ಇಲ್ಲವೇ ಕೆಲಸಕ್ಕೆ ಬಾರದ್ದು. ಹಸಿರು ಅಥವಾ ಕಂದು ಇದ್ದರೆ ಅದರ ಕಾಲ ಮುಗಿದಿದೆ. ಒಂದು ಎಚ್ಚರಿಕೆ: ಮಣ್ಣಿನಲ್ಲಿರುವ ಜಂತುಹುಳದಿಂದಲೂ (ನೆಮಟೋಡ್) ಬೇರಿನಲ್ಲಿ ಗಂಟಾಗುತ್ತದೆ. ಅದರಲ್ಲಿ ಬೇರೇ ಊದಿಕೊಂಡಿರುತ್ತದೆ, ಬಿಡಿಸಲು ಬರುವುದಿಲ್ಲ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಿನಿಂದ ಉಜ್ಜಿದರೆ ಕಳಚಿ ಬರುತ್ತದೆ.

ಕೆಂಪು ಗಂಟು ಬೇಕಾದಷ್ಟು ಕಂಡರೆ ಮುಂದಿನ ಸಲ ಪೊಟ್ಟಣದ ಮೇಲೆ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಕಾಣದಿದ್ದರೆ ಖಂಡಿತ ಹಚ್ಚಿ.

ಸೋಯಾ ಅವರೆಗೆ ಪ್ರತಿ ವರ್ಷ ಹಚ್ಚಬೇಕಾ? ಹಚ್ಚುವ ಸರಿಯಾದ ಕ್ರಮ ಹೇಳಿ. ನಮ್ಮಲ್ಲಿ ಬೀಜಕ್ಕೆ ಔಷಧಿ ಹಚ್ಚುವ ರೂಢಿಯೂ ಇದೆ. (ಬೀದರ್ ಜಿಲ್ಲೆ)

ಸೋಯಾ ನಮ್ಮ ನೆಲಕ್ಕೆ ಹೊಸಬ. ಅದಕ್ಕೆ ಬೇಕಾದದ್ದು ಬ್ರಾಡಿರೈಜೋಬಿಯಂ ಜಪಾನಿಕಂ ಎಂಬ ಬೇರೆಯೇ ಜಾತಿ. ಸೋಯಾ ಯಾವತ್ತೂ ಬೆಳೆಯದ ಹೊಲದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಹೀಗಾಗಿ ಮೊದಲ ಸಲ ಸೋಯಾ ಬಿತ್ತುವವರಿಗೆ ಪೊಟ್ಟಣದಿಂದ ಆಗುವಷ್ಟು ಲಾಭ ಬೇರೆ ಯಾರಿಗೂ ಆಗಲಿಕ್ಕಿಲ್ಲ. ವರ್ಷ ವರ್ಷ ಬೆಳೆದ ಹೊಲದಲ್ಲಿ ಅದು ಮಣ್ಣಿನಲ್ಲೇ ಉಳಿದುಕೊಳ್ಳುತ್ತದೆ. ಆದರೂ ಕಡು ಬಿಸಿಲಿನಲ್ಲಿ ಖಾಲಿ ಬಿದ್ದಿದ್ದರೆ, ಇಲ್ಲವೇ ನಾಲ್ಕೈದು ವರ್ಷ ಬೇರೆ ಬೆಳೆ ಹಾಕಿದ್ದರೆ ಮತ್ತೆ ಹಚ್ಚುವುದು ಒಳ್ಳೆಯದು. ಖರ್ಚು ಕಡಿಮೆ. ಪೊಟ್ಟಣದ ಮೇಲೆ ಬೆಳೆಯ ಹೆಸರು ಇದೆಯಾ ನೋಡಿ. ಕಡಲೆಗೆ ಅಂತ ಇರುವ ಪೊಟ್ಟಣ ಸೋಯಾಕ್ಕೆ ನಡೆಯುವುದಿಲ್ಲ.

ಇನ್ನು ಹಚ್ಚುವ ಕ್ರಮ. ಕಾಲು ಲೀಟರ್ ನೀರಿಗೆ 25 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಬಿಸಿ ಇರುವಾಗಲೇ ಪುಡಿ ಕಲಸಿದರೆ ಎಲ್ಲ ಸತ್ತುಹೋಗುತ್ತವೆ. ಆರಿದ ಪಾಕಕ್ಕೆ 200 ಗ್ರಾಂ ಪುಡಿ ಕಲಸಿ, ಸುಮಾರು 10 ಕೆ.ಜಿ. ಬೀಜದ ಮೇಲೆ ಸ್ವಲ್ಪ ಸ್ವಲ್ಪವಾಗಿ ಚಿಮುಕಿಸುತ್ತಾ ಮೆಲ್ಲಗೆ ಹೊರಳಿಸಿ. ಪಾಕ ಪೂರ್ತಿ ಮುಗಿಸಲೇಬೇಕು ಅಂತಿಲ್ಲ, ಬೀಜ ತೊಯ್ದು ತೊಪ್ಪೆ ಆಗಬಾರದು. ಸೋಯಾ ಬೀಜದ ಸಿಪ್ಪೆ ತೆಳು, ಜೋರಾಗಿ ಉಜ್ಜಿದರೆ ಮೊಳಕೆಗೇ ಪೆಟ್ಟು. ನೆರಳಲ್ಲಿ ಆರಿಸಿ ಅವತ್ತೇ ಬಿತ್ತಿ. ಔಷಧಿ ಹಚ್ಚುವುದಿದ್ದರೆ ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಎಲ್ಲಕ್ಕಿಂತ ಕೊನೆಗೆ ರೈಜೋಬಿಯಂ. ಮೂರನ್ನೂ ಒಂದೇ ಬಾಣಲೆಯಲ್ಲಿ ಕಲಸಿದರೆ ಕೊಂಡು ತಂದ ಜೀವವನ್ನು ನೀವೇ ಕೊಂದ ಹಾಗೆ.

ರಾಗಿಗೂ ರೈಜೋಬಿಯಂ ಹಾಕಿದರೆ ಯೂರಿಯಾ ಪೂರ್ತಿ ಬಿಡಬಹುದಾ? (ಚಿಂತಾಮಣಿ)

ಇಲ್ಲ. ರೈಜೋಬಿಯಂ ಗಂಟು ಕಟ್ಟುವುದು ದ್ವಿದಳ ಬೆಳೆಗಳಲ್ಲಿ. ರಾಗಿ, ಜೋಳ, ಮೆಕ್ಕೆಜೋಳಕ್ಕೆ ಅಜೋಸ್ಪಿರಿಲಂ, ಅಜಟೋಬ್ಯಾಕ್ಟರ್ ಅಂತ ಬೇರೆ ಬ್ಯಾಕ್ಟೀರಿಯಾ ಇವೆ. ಅವು ಗಂಟು ಕಟ್ಟುವುದಿಲ್ಲ, ಬೇರಿನ ಸುತ್ತ ಬದುಕುತ್ತವೆ. ಸ್ವಲ್ಪ ಸಾರಜನಕ ಹಿಡಿಯುತ್ತವೆ. ಅಜೋಸ್ಪಿರಿಲಂ ಬೇರು ಕವಲೊಡೆಯಲು ನೆರವಾಗುವ ಪದಾರ್ಥಗಳನ್ನೂ ಮಾಡುತ್ತದೆ, ಹಾಗಾಗಿ ಗಿಡ ಮಣ್ಣಿನಲ್ಲಿ ಇರುವುದನ್ನೇ ಚೆನ್ನಾಗಿ ಹೀರುತ್ತದೆ. ಲಾಭ ಇದೆ, ಆದರೆ ಸಾಧಾರಣ. ಮಣ್ಣು ಪರೀಕ್ಷೆ ನೋಡಿ, ಕೊಟ್ಟಿಗೆ ಗೊಬ್ಬರ ಜಾಸ್ತಿ ಮಾಡುತ್ತಾ ಯೂರಿಯಾ ಹಂತ ಹಂತವಾಗಿ ಇಳಿಸಿ. ಒಂದೇ ಏಟಿಗೆ ನಿಲ್ಲಿಸಿ ಅಂತ ಯಾರಾದರೂ ಪೊಟ್ಟಣ ಮಾರಿದರೆ ನಂಬಬೇಡಿ.

ಚಿಂತಾಮಣಿ ಕಡೆಯವರಿಗೆ ನಾನು ಪೊಟ್ಟಣಕ್ಕಿಂತ ಮೊದಲು ಹೇಳುವುದು ಅಕ್ಕಡಿ ಸಾಲಿನ ಬಗ್ಗೆ. ರಾಗಿಯ ನಡುವೆ ತೊಗರಿ, ಅವರೆ, ಅಲಸಂದೆ ಹಾಕುವುದು ನಿಮಗೆ ಹೊಸದೇನಲ್ಲ. ತೊಗರಿ ಇದೆ ಅಂತ ಈ ವರ್ಷದ ರಾಗಿಗೇ ಸಾರಜನಕ ಹರಿದು ಬರುತ್ತದೆ ಅಂತ ಲೆಕ್ಕ ಹಾಕಬೇಡಿ, ಗಿಡ ಬದುಕಿರುವಾಗ ಪಕ್ಕದ ಗಿಡಕ್ಕೆ ಸಿಗುವುದು ತುಂಬಾ ಕಡಿಮೆ. ಸಿಗುವುದು ಉದುರಿದ ಎಲೆ, ಕೊಳೆತ ಬೇರಿನಿಂದ, ಮುಂದಿನ ಬೆಳೆಗೆ. ಅದಕ್ಕೇ ತೊಗರಿ ಎಲೆ ಹೊಲದಲ್ಲೇ ಬೀಳಲಿ. ಕಡಲೆಕಾಯಿಯನ್ನು ಬೇರು ಸಮೇತ ಕಿತ್ತು ಬಳ್ಳಿಯನ್ನೂ ದನಕ್ಕೆ ಹಾಕಿದರೆ ಹಿಡಿದ ಸಾರಜನಕದ ದೊಡ್ಡ ಪಾಲು ಹೊಲ ಬಿಟ್ಟು ಹೋಗುತ್ತದೆ. ಆ ಸಗಣಿ ತಿರುಗಿ ಅದೇ ಹೊಲಕ್ಕೆ ಬರಲಿ.

ಭತ್ತ ಕೊಯ್ದಮೇಲೆ ಅಲಸಂದೆ ಹಾಕುತ್ತೇವೆ. ಗಿಡ ಹಳದಿ, ಗಂಟೇ ಇಲ್ಲ. (ತೀರ್ಥಹಳ್ಳಿ)

ಮಲೆನಾಡಿನ ಮಣ್ಣು ಹುಳಿ. ರಸಸಾರ (pH, ಹುಳಿಯ ಅಳತೆ) 5.5ಕ್ಕಿಂತ ಕೆಳಗೆ ಹೋದರೆ ಗಂಟು ಕಟ್ಟುವುದು ಕಷ್ಟ. ಅಂಥ ಮಣ್ಣಿನಲ್ಲಿ ರಂಜಕ ಗಿಡಕ್ಕೆ ಸಿಗುವುದಿಲ್ಲ, ಮಾಲಿಬ್ಡಿನಮ್ ಎಂಬ ಲಘು ಪೋಷಕಾಂಶ ಕೂಡ ಸಿಗುವುದಿಲ್ಲ. ನೈಟ್ರೋಜಿನೇಸ್ ಕಿಣ್ವದ ಒಳಗೆ ಮಾಲಿಬ್ಡಿನಮ್ ಇರಲೇಬೇಕು. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಅದರ ಪ್ರಕಾರ ಕೃಷಿ ಸುಣ್ಣ ಹಾಕಿ, ಆಮೇಲೆ ಪೊಟ್ಟಣ. ಗದ್ದೆಯಲ್ಲಿ ನೀರು ನಿಂತಿದ್ದರೂ ಇದೇ ಗತಿ, ಬೇರಿಗೆ ಗಾಳಿ ಬೇಕು. ಬಸಿಗಾಲುವೆ ತೆಗೆಯಿರಿ.

ಗಿಡ ಹಳದಿ ಆಯಿತು ಅಂತ ಮೇಲಿಂದ ಮೇಲೆ ಯೂರಿಯಾ ಎರಚಬೇಡಿ. ಸಿದ್ಧ ಸಾರಜನಕ ಬೇರಿನ ಬುಡದಲ್ಲೇ ಸಿಕ್ಕರೆ ಗಿಡ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಕೊಟ್ಟು ಸಾಕುವುದಿಲ್ಲ, ಗಂಟು ಕಟ್ಟುವುದೇ ನಿಲ್ಲುತ್ತದೆ. ಗಂಟು ಕೆಲಸ ಶುರು ಮಾಡುವ ತನಕ ಸ್ವಲ್ಪ ಬೇಕು, ಅದಕ್ಕೆ ಬಿತ್ತನೆ ಹೊತ್ತಿನ ಗೊಬ್ಬರ ಸಾಕು. 50 ಕೆ.ಜಿ. ಡಿಎಪಿ ಚೀಲದಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ ಇರುತ್ತದೆ. ದ್ವಿದಳ ಬೆಳೆಗೆ ರಂಜಕ ಜಾಸ್ತಿ, ಸಾರಜನಕ ಕಡಿಮೆ ಬೇಕಾಗಿರುವುದರಿಂದ ಅದು ಹೊಂದುತ್ತದೆ. ನಿಮ್ಮ ಹೊಲಕ್ಕೆ ಎಷ್ಟು ಅನ್ನುವುದನ್ನು ಪರೀಕ್ಷೆಯ ವರದಿ ನೋಡಿ ಹಾಕಿ.

ತಾರಸಿ ಮೇಲೆ ಕುಂಡದಲ್ಲಿ ಬೀನ್ಸ್ ಬೆಳೆಯುತ್ತೇನೆ. ಬೀನ್ಸ್ ದ್ವಿದಳ ಆದ್ದರಿಂದ ಗೊಬ್ಬರವೇ ಬೇಡ ಅಂತ ಓದಿದೆ. (ಬೆಂಗಳೂರು)

ದ್ವಿದಳ ಹೌದು, ಆದರೆ ಬೀನ್ಸ್ ಸಾರಜನಕ ಹಿಡಿಯುವುದರಲ್ಲಿ ಬಲು ಹಿಂದೆ. ಅದನ್ನು ಹೊಲದಲ್ಲಿ ಬೆಳೆಯುವವರೂ ತೊಗರಿ, ಹೆಸರಿಗಿಂತ ಜಾಸ್ತಿ ಸಾರಜನಕ ಕೊಡುತ್ತಾರೆ. ಕುಂಡದ ತೆಂಗಿನ ನಾರಿನ ಪುಡಿಯಲ್ಲಿ ಬೀನ್ಸ್‌ಗೆ ಹೊಂದುವ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇನ್ನೂ ಕಡಿಮೆ. ಎರೆಗೊಬ್ಬರ ಧಾರಾಳವಾಗಿ ಹಾಕಿ. ಗಂಟು ನೋಡುವ ಆಸೆ ಇದ್ದರೆ ಒಂದು ಕುಂಡದಲ್ಲಿ ಅಲಸಂದೆ ಬಿತ್ತಿ. ಊರಿನ ಹೊಲದಿಂದ, ಅಲಸಂದೆಯೋ ಹೆಸರೋ ಬೆಳೆದ ಜಾಗದಿಂದ, ಎರಡು ಬೊಗಸೆ ಮಣ್ಣು ತಂದು ಕುಂಡದ ಮಣ್ಣಿಗೆ ಕಲಸಿ. ಪೊಟ್ಟಣ ಬೇಕಾಗುವುದಿಲ್ಲ.