ಮಾಜಿ ಸೈನಿಕನ ಅಂಚೆಚೀಲ

ಪ್ರಶ್ನೆ: ನಮ್ಮ ಅಜ್ಜಿಯ ತಮ್ಮ ಎರಡನೇ ಮಹಾಯುದ್ಧಕ್ಕೆ ಹೋದವರು 1944ರಲ್ಲಿ ಮಣಿಪುರದ ಕಡೆ ತೀರಿಕೊಂಡರಂತೆ. ಮನೆಯಲ್ಲಿ ಉಳಿದಿರುವುದು ಒಂದು ಹಳದಿ ಕಾಗದ. ಅದರಲ್ಲಿ ಒಂದು ಉದ್ದದ ನಂಬರು, ಪಕ್ಕದಲ್ಲಿ 'ಐ.ಜಿ.ಎಚ್.' ಎಂದಿದೆ. ಸಮಾಧಿಗೆ ಒಂದು ಹೂವಿಡಬೇಕೆಂದು ಅಮ್ಮನ ಆಸೆ. ಎಲ್ಲಿ ಹುಡುಕುವುದು?
– ಓದುಗರೊಬ್ಬರು, ಕಾಪು

ಉತ್ತರ: ಅಮ್ಮನಿಗೆ ಈಗಲೇ ಹೇಳಿಬಿಡಿ ಅಕ್ಕ, ನಿಮ್ಮವರು ಹಿಂದೂ ಆಗಿದ್ದರೆ ಸಮಾಧಿ ಸಿಗಲಿಕ್ಕಿಲ್ಲ. ಹಿಂದೂ, ಸಿಖ್ ಸಿಪಾಯಿಗಳಿಗೆ ಅಲ್ಲಿಯೂ ದಹನವೇ. ಅವರ ಪಾಲಿಗೆ ಕಲ್ಲಿನ ಮೇಲೆ ಒಂದು ಸಾಲು ಹೆಸರು, ಅಷ್ಟೇ.

ಐ.ಜಿ.ಎಚ್. ಅಂದರೆ ಇಂಡಿಯನ್ ಜನರಲ್ ಹಾಸ್ಪಿಟಲ್. ಬಿಳಿಯರಿಗೆ ಬೇರೆಯೇ ಇತ್ತು, ಬಿ.ಜಿ.ಎಚ್. ಪೆಟ್ಟು ತಿಂದವನಿಗೆ ಮೊದಲು ಪಟಾಲಂನ ಡಾಕ್ಟರ್ ಪಟ್ಟಿ ಕಟ್ಟುತ್ತಿದ್ದ. ಅಲ್ಲಿಂದ ಫೀಲ್ಡ್ ಆಂಬ್ಯುಲೆನ್ಸ್ (ಗಾಡಿಯಲ್ಲ, ಸೇನೆಯ ಸಂಚಾರಿ ವೈದ್ಯಕೀಯ ತುಕಡಿ), ಆಮೇಲೆ ಕ್ಯಾಶುಯಲ್ಟಿ ಕ್ಲಿಯರಿಂಗ್ ಸ್ಟೇಷನ್ ಎಂಬ ನಡುವಿನ ಆಸ್ಪತ್ರೆ, ಕೊನೆಗೆ ಈ ದೊಡ್ಡಾಸ್ಪತ್ರೆ. ಅಂದರೆ ನಿಮ್ಮ ಅಜ್ಜ ಕಾದಾಟದ ಜಾಗದಲ್ಲೇ ಬಿದ್ದವರಲ್ಲ, ಆಸ್ಪತ್ರೆಯ ಮಂಚದ ಮೇಲೆ ಇದ್ದವರಿರಬಹುದು. ಗುಂಡೇಟೇ ಆಗಿರಬೇಕೆಂದೂ ಇಲ್ಲ. 1943ರಲ್ಲಿ ಆ ಬರ್ಮಾ ಗಡಿಯಲ್ಲಿ ಗಾಯಗೊಂಡು ಹಿಂದಕ್ಕೆ ಬಂದ ಒಬ್ಬನಿಗೆ ಕಾಯಿಲೆಯಿಂದ ಬಂದವರು 120 ಮಂದಿ! ಮಲೇರಿಯಾ, ಆಮಶಂಕೆ. ಮಲೇರಿಯಾ ತಡೆಯಲು ಕೊಡುತ್ತಿದ್ದ ಮೆಪಾಕ್ರಿನ್ ಮಾತ್ರೆಗೆ ಮೈಯೆಲ್ಲ ಅರಸಿನ ಹಚ್ಚಿದ ಹಾಗೆ ಹಳದಿಯಾಗುತ್ತಿತ್ತು.

ನಾನು ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವ. ಒಮ್ಮೆ ಮಣಿಪುರದ ಪಕ್ಕದ ನಾಗಾಲ್ಯಾಂಡಿನ ಕೊಹಿಮಾದ ಯುದ್ಧ ಸ್ಮಶಾನಕ್ಕೆ ಹೋಗಿದ್ದೆ. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟಿನ ಆಚೆ ಈಚೆ ನಿಂತು 1944ರಲ್ಲಿ ಜಪಾನಿಯರೂ ನಮ್ಮ ಕಡೆಯವರೂ ಕಾದಾಡಿದ ಜಾಗ ಅದು. ಆ ಕೋರ್ಟಿನ ಗೆರೆಗಳನ್ನು ಬಿಳಿ ಕಾಂಕ್ರೀಟಿನಲ್ಲಿ ಇವತ್ತಿಗೂ ಉಳಿಸಿದ್ದಾರೆ. ಹೂಗಿಡಗಳ ನಡುವೆ 1,420 ಸಮಾಧಿ. ಗುಡ್ಡದ ತೀರಾ ಮೇಲೆ ದಹನ ಸ್ಮಾರಕ, ಅದರಲ್ಲಿ 917 ಹೆಸರು. ನಮ್ಮ ಕಡೆಯ ಶೆಟ್ಟಿ, ಪೂಜಾರಿ, ಗೌಡ ಯಾರಾದರೂ ಇದ್ದಾರೋ ಎಂದು ಬೆರಳಿಟ್ಟು ಓದುತ್ತ ಹೋದೆ. ಅರ್ಧಕ್ಕೆ ಬರುವಾಗ ಕೆಳಗಿನಿಂದ ಡ್ರೈವರ್ ಹಾರ್ನ್ ಹೊಡೆಯಲು ಶುರು ಮಾಡಿದ. ಉಳಿದರ್ಧ ಓದದ್ದು ನನಗೆ ಇನ್ನೂ ಚುಚ್ಚುತ್ತದೆ.

ನಿಮ್ಮವರ ಹೆಸರು ಅಲ್ಲಿಯೇ ಇರಬೇಕೆಂದಿಲ್ಲ. ಮಣಿಪುರದ ಇಂಫಾಲದಲ್ಲೂ ದಹನ ಸ್ಮಾರಕ ಇದೆ. ಅಂತ್ಯಕ್ರಿಯೆ ಎಲ್ಲಾಯಿತೆಂದೇ ತಿಳಿಯದವರ ಹೆಸರು ಬರ್ಮಾದ ತೌಕ್ಯಾನ್‌ನಲ್ಲಿವೆ, ಸುಮಾರು 27,000. ಆದ್ದರಿಂದ ಟಿಕೆಟ್ ಮಾಡುವ ಮೊದಲು, ಈ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟ್ ನೋಡಿ. ಮೊಬೈಲಿನಲ್ಲೇ ಆಗುತ್ತದೆ, ದುಡ್ಡಿಲ್ಲ. ಹೆಸರು ಹಾಕಿ ಹುಡುಕಿದರೆ ಸೋಲುತ್ತೀರಿ. ಪಟಾಲಂ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದದ್ದು. 'ಪೂಜಾರಿ'ಗೆ ಎರಡು 'ಓ' ಹಾಕಿದನೋ ಒಂದು 'ಯು' ಹಾಕಿದನೋ. (ನನ್ನ ಹೆಸರೇ ರೇಷನ್ ಕಾರ್ಡಿನಲ್ಲಿ ಒಂದು, ಪಿಂಚಣಿ ಪುಸ್ತಕದಲ್ಲಿ ಇನ್ನೊಂದು.) ಕಾಗದದ ಆ ಉದ್ದದ ನಂಬರು ಸಿಪಾಯಿ ನಂಬರಾಗಿದ್ದರೆ ಅದನ್ನೇ ಹಾಕಿ. ಕೆಲವು ದಾಖಲೆಗಳಲ್ಲಿ ಅಪ್ಪನ ಹೆಸರು, ಊರೂ ಇರುತ್ತವೆ. ಆಗ ನಾವು ಮದ್ರಾಸ್ ಪ್ರಾಂತ್ಯದ 'ಸೌತ್ ಕೆನರಾ' ಎಂಬುದು ನೆನಪಿರಲಿ. ಸಿಕ್ಕಿದರೆ ಯಾವ ಸ್ಮಾರಕ, ಎಷ್ಟನೇ ಫಲಕ ಎಂದೂ ಬರೆದಿರುತ್ತದೆ. ಹೂವನ್ನು ಅದರ ಬುಡದಲ್ಲಿಡಿ. ನನಗೊಂದು ಕಾರ್ಡು ಹಾಕಿ.

ಪ್ರಶ್ನೆ: ಟಿಪ್ಪುವಿನ ಎದುರು ಮಂಗಳೂರು ಕೋಟೆ ಹಿಡಿದು ಕೂತಿದ್ದ ಕರ್ನಲ್ ಕ್ಯಾಂಪ್‌ಬೆಲ್‌ನ ಗೋರಿ ನಮ್ಮೂರಲ್ಲೇ ಇದೆಯೇ?
– ವಿದ್ಯಾರ್ಥಿ, ಕೊಡಿಯಾಲಬೈಲ್

ಉತ್ತರ: ಇಲ್ಲ ತಮ್ಮ. 1783ರ ಮೇ ತಿಂಗಳಲ್ಲಿ ಶುರುವಾದ ಮುತ್ತಿಗೆ ಮುಗಿದದ್ದು 1784ರ ಜನವರಿಯಲ್ಲಿ, ಹಸಿವು ಮತ್ತು ಕಾಯಿಲೆಯಿಂದ. ಕೋಟೆ ಬಿಟ್ಟುಕೊಟ್ಟು ಹೊರಟ ಕ್ಯಾಂಪ್‌ಬೆಲ್ ಅದೇ ಮಾರ್ಚಿನಲ್ಲಿ ಬೊಂಬಾಯಿಯಲ್ಲಿ ಸತ್ತ. ಒಳಗೆ ಸತ್ತ ಸಾಮಾನ್ಯ ಸಿಪಾಯಿಗಳು ಮಾತ್ರ ಇಲ್ಲಿಯ ಮಣ್ಣಿನಲ್ಲೇ ಉಳಿದರು. ಅವರನ್ನು ಮೇಲೆ ಹೇಳಿದ ವೆಬ್‌ಸೈಟಿನಲ್ಲಿ ಹುಡುಕಬೇಡ, ವಾರ್ ಗ್ರೇವ್ಸ್ ಕಮಿಷನ್ ಹುಟ್ಟಿದ್ದು 1917ರಲ್ಲಿ. ಅದು ನೋಡಿಕೊಳ್ಳುವುದು ಎರಡು ಮಹಾಯುದ್ಧದವರನ್ನು ಮಾತ್ರ.

ಪ್ರಶ್ನೆ: ಮಂಗಳೂರಿನ ವೆನ್‌ಲಾಕ್ ಯುದ್ಧಕ್ಕೆಂದು ಕಟ್ಟಿದ ಆಸ್ಪತ್ರೆಯೇ?
– ಓದುಗರೊಬ್ಬರು, ಉಳ್ಳಾಲ

ಉತ್ತರ: ಅಲ್ಲ ಮಾರಾಯ್ರೆ. ಅದು 1848ರಲ್ಲಿ ಶುರುವಾದದ್ದು. ಹೆಸರು ಮಾತ್ರ ವೆನ್‌ಲಾಕ್ ಎಂಬವರದ್ದು, ಅವರು 1891ರಿಂದ 1896ರವರೆಗೆ ಮದ್ರಾಸಿನ ಗವರ್ನರ್.